ಬಾವುಟ, ಕಂಬ, ವೀರಗಲ್ಲು: ಮಂಡ್ಯ ಸೀಮೆಯಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕಲಿಕೆ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015 ಮತ್ತು 2018ರ ಸ್ಕೀಮುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಆರನೆಯ ಸೆಮಿಸ್ಟರಿನ ಗ್ರಾಫಿಕ್ಸ್ ಲ್ಯಾಬ್ ನೆನಪಿರುತ್ತದೆ. ಬ್ರೆಸೆನ್‌ಹ್ಯಾಮ್ ವಿಧಾನದಲ್ಲಿ ಗೆರೆ ಎಳೆಯುವುದು, ತ್ರಿಕೋನವನ್ನು ಒಂದು ಬಿಂದುವಿನ ಸುತ್ತ ತಿರುಗಿಸುವುದು, ಬಣ್ಣದ ಘನವನ್ನು ಉರುಳಿಸುವುದು, ಕೋಹೆನ್–ಸದರ್ಲೆಂಡ್ ಕ್ಲಿಪ್ಪಿಂಗ್, ಮೇಜಿನ ಮೇಲೊಂದು ಟೀಪಾಟ್ ಇಟ್ಟು ಅದರ ಮೇಲೆ ಬೆಳಕು ಬೀಳಿಸುವುದು, ಬೆಝಿಯೇ ವಕ್ರರೇಖೆಯಿಂದ ಬಾವುಟ ಹಾರಿಸುವುದು. ಇವೆಲ್ಲ ಮುಗಿದ ಮೇಲೆ ಒಂದು ಮಿನಿ ಪ್ರಾಜೆಕ್ಟ್. 2021ರ ಸ್ಕೀಮಿನಲ್ಲಿ ಇದರ ಜೊತೆಗೆ ಇಮೇಜ್ ಪ್ರೊಸೆಸಿಂಗ್ ಸೇರಿತು. ಮಿನಿ ಪ್ರಾಜೆಕ್ಟಿಗೆ ಹುಡುಗರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ವಿಮಾನ, ರೈಲು, ಸಿಗ್ನಲ್ ದೀಪ ಅಥವಾ ಸೌರಮಂಡಲ.

ಈ ಪ್ರೋಗ್ರಾಮುಗಳ ಗಣಿತದಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಅವು ಚಿತ್ರಿಸುವ ವಸ್ತುಗಳಲ್ಲಿ. ಬಣ್ಣದ ಘನ ಎಲ್ಲಿಯದೂ ಅಲ್ಲ. ಅದು ತೆರೆಯ ಮೇಲೆ ಹೇಗೆ ಕಂಡರೂ ಸರಿಯೇ. ಹಾಗಾಗಿ ಎಕ್ಸಿಕ್ಯೂಟ್ ಆಯಿತು, ಔಟ್‌ಪುಟ್ ಬಂತು ಎಂಬಲ್ಲಿಗೆ ಕಲಿಕೆ ನಿಂತುಬಿಡುತ್ತದೆ. ಕಲಿಯುವವನು ಕಣ್ಣಾರೆ ಕಂಡ, ಅಳತೆ ಹಿಡಿಯಬಹುದಾದ ವಸ್ತುವನ್ನು ಎದುರಿಗಿಟ್ಟುಕೊಂಡಾಗ ಮಾತ್ರ ಚಿತ್ರ ತಪ್ಪಾಗಿದೆಯೆಂದು ಅವನಿಗೇ ತಿಳಿಯುತ್ತದೆ. ಆ ತಪ್ಪನ್ನು ತಿದ್ದಲು ಹೊರಟವನೇ ಗ್ರಾಫಿಕ್ಸ್ ಕಲಿಯುತ್ತಾನೆ ಎಂಬುದು ಈ ಲೇಖನದ ವಾದ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಅಂಥ ವಸ್ತುಗಳಿಗೆ ಬರವಿಲ್ಲ.

ಕಲಿಯುವ ಜಾಗಗಳೂ ಹತ್ತಿರದಲ್ಲೇ ಇವೆ. ಕೆ.ವಿ. ಶಂಕರಗೌಡರ ಮುಂದಾಳತ್ವದಲ್ಲಿ ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1962ರಲ್ಲಿ. ಐಬಿಎಂನಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್ ಬರೀ ಪೂರ್ಣಾಂಕಗಳ ಕೂಡುವಿಕೆಯಿಂದ ಗೆರೆ ಎಳೆಯುವ ತಮ್ಮ ವಿಧಾನವನ್ನು ರೂಪಿಸಿದ್ದೂ ಅದೇ ವರ್ಷ. ಮದ್ದೂರು–ಮಳವಳ್ಳಿ ರಸ್ತೆಯ ಭಾರತೀನಗರದಲ್ಲಿ, ಜನರ ಬಾಯಲ್ಲಿ ಕೆ.ಎಂ. ದೊಡ್ಡಿಯಲ್ಲಿ, ಜಿ. ಮಾದೇಗೌಡರ ಹೆಸರಿನ ತಾಂತ್ರಿಕ ಕಾಲೇಜಿದೆ. ಮಳವಳ್ಳಿ ಕಡೆಯ ಮಕ್ಕಳು ಇಲ್ಲಿಗೋ ಮಂಡ್ಯಕ್ಕೋ ಬಸ್ಸು ಹತ್ತುತ್ತಾರೆ. ಈ ಕಾಲೇಜುಗಳಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ದೂರದಲ್ಲೇ ಮುಂದೆ ಹೇಳುವ ಊರುಗಳೆಲ್ಲ ಇವೆ.

ಬಾವುಟದ ಪ್ರೋಗ್ರಾಮಿನಿಂದ ಶುರುಮಾಡೋಣ. ಲ್ಯಾಬಿನಲ್ಲಿ ಬರೆಸುವ ಕೋಡಿನಲ್ಲಿ ನಾಲ್ಕು ನಿಯಂತ್ರಣ ಬಿಂದುಗಳಿರುತ್ತವೆ. ಮೊದಲನೆಯದು ಕಂಬಕ್ಕೆ ಅಂಟಿ ನಿಲ್ಲುತ್ತದೆ. ಉಳಿದ ಮೂರನ್ನು ಸೈನ್ ಬೆಲೆಗೆ ತಕ್ಕಂತೆ ಅತ್ತಿತ್ತ ಸರಿಸುತ್ತೇವೆ. ಬಿಂದುಗಳಿಗೆ 1, 3, 3, 1 ಎಂಬ ದ್ವಿಪದ ಗುಣಾಂಕಗಳು. ರೇಖೆಯ ನಟ್ಟನಡುವೆ ಅವುಗಳ ತೂಕ ಎಂಟನೇ ಒಂದು, ಎಂಟನೇ ಮೂರು, ಎಂಟನೇ ಮೂರು, ಎಂಟನೇ ಒಂದು. ಒಂದರ ಕೆಳಗೊಂದು ಇಂಥ ರೇಖೆಗಳನ್ನು ಕೇಸರಿ, ಬಿಳಿ, ಹಸಿರಿನಲ್ಲಿ ಎಳೆದರೆ ಬಾವುಟ ಹಾರಿದಂತೆ ಕಾಣುತ್ತದೆ. ಫ್ರಾನ್ಸಿನ ಕಾರು ಕಂಪನಿಗಳಲ್ಲಿ, ಸಿಟ್ರೊಯೆನ್‌ನ ಪಾಲ್ ದ ಕಾಸ್ಟೆಲ್ಜೋ ಮತ್ತು ರೆನೋದ ಪಿಯೆರ್ ಬೆಝಿಯೇ ಇವರ ಕೈಯಲ್ಲಿ, ಕಾರಿನ ಮೈಗಾಗಿ ಹುಟ್ಟಿದ ಗಣಿತ ಇದು.

ಇದೇ ಬಾವುಟವನ್ನು ಮದ್ದೂರಿನ ಮಗ್ಗುಲಿನ ಶಿವಪುರದಲ್ಲಿ ನೆಟ್ಟು ನೋಡಬೇಕು. 1938ರ ಏಪ್ರಿಲ್‌ನಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯ ಮೈಸೂರು ಕಾಂಗ್ರೆಸ್ ಅಧಿವೇಶನ ನಡೆದದ್ದು ಅಲ್ಲಿ. ನಿಷೇಧವನ್ನು ಮೀರಿ ಬಾವುಟ ಏರಿಸಿದ ಧ್ವಜ ಸತ್ಯಾಗ್ರಹದ ಸ್ಮಾರಕವಾಗಿ ಸತ್ಯಾಗ್ರಹ ಸೌಧ ಇಂದಿಗೂ ಹೆದ್ದಾರಿಯ ಬದಿಯಲ್ಲಿದೆ. ಶಿವಪುರವೆಂದ ಕೂಡಲೇ ಪ್ರಶ್ನೆಗಳು ಹುಟ್ಟುತ್ತವೆ. ಆ ಬಾವುಟದ ನಡುವೆ ಇದ್ದದ್ದು ಅಶೋಕ ಚಕ್ರವಲ್ಲ, ಚರಕ. ಬಟ್ಟೆ ಕೈನೂಲಿನ ಖಾದಿ. ನೈಲಾನಿನಂತೆ ಅದು ಪಟಪಟಿಸದು. ಹೀಗೆ ಯೋಚಿಸುತ್ತ ತೆರೆಯನ್ನು ದಿಟ್ಟಿಸಿದ ವಿದ್ಯಾರ್ಥಿಗೆ ಲ್ಯಾಬ್ ಕೋಡಿನ ದೊಡ್ಡ ದೋಷವೊಂದು ಕಾಣಿಸುತ್ತದೆ: ಬಿಂದುಗಳು ಅಲುಗಿದಂತೆಲ್ಲ ರೇಖೆಯ ಉದ್ದವೂ ಬದಲಾಗುತ್ತದೆ. ಎಂದರೆ ಬಟ್ಟೆ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತಿದೆ. ಉದ್ದವನ್ನು ಕಾಯಬೇಕಾದರೆ ಬಟ್ಟೆಯನ್ನು ತೂಕವಿರುವ ಬಿಂದುಗಳ ಜಾಲವಾಗಿ ಕಲ್ಪಿಸಿ, ಅವುಗಳ ನಡುವೆ ಸ್ಪ್ರಿಂಗ್‌ಗಳಿವೆಯೆಂದು ಇಟ್ಟುಕೊಂಡು ಗಾಳಿ ಮತ್ತು ಗುರುತ್ವದ ಬಲಗಳನ್ನು ಲೆಕ್ಕ ಹಾಕಬೇಕಾಗುತ್ತದೆ. ಪಠ್ಯಕ್ರಮ ಬಾವುಟದ ಪ್ರೋಗ್ರಾಮಿನಲ್ಲಿ ಕೇಳದ ಭೌತಶಾಸ್ತ್ರವನ್ನು ಶಿವಪುರ ಕೇಳುತ್ತದೆ.

ಇನ್ನು ಟೀಪಾಟ್. ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ 1975ರಲ್ಲಿ ರೂಪಿಸಿದ ಈ ಮಾದರಿ ಇಂದು 32 ಬೆಝಿಯೇ ತೇಪೆಗಳ ರೂಪದಲ್ಲಿ ಪ್ರಸಿದ್ಧ. ಗ್ಲಟ್ ಲೈಬ್ರರಿಯಲ್ಲಿ ಒಂದೇ ಸಾಲಿನ ಆಜ್ಞೆ ಕೊಟ್ಟರೆ ಅದು ತೆರೆಯ ಮೇಲೆ ಬಂದು ಕೂರುತ್ತದೆ. ಅದನ್ನು ಕಟ್ಟಿದ ಬಗೆಯನ್ನು ವಿದ್ಯಾರ್ಥಿ ಕಾಣುವುದೇ ಇಲ್ಲ. ಅದರ ಬದಲು ಮಂಡ್ಯ ತಾಲ್ಲೂಕಿನ ಬಸರಾಳಿಗೆ ಹೋಗಬಹುದು. ಹೊಯ್ಸಳ ದೊರೆ ಇಮ್ಮಡಿ ವೀರನರಸಿಂಹನ ಕಾಲದಲ್ಲಿ, 1234ರ ಹೊತ್ತಿಗೆ, ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯ ಅಲ್ಲಿದೆ. ಹೊಯ್ಸಳರ ತಿರುಗಣೆ ಕಂಬವೆಂದರೆ ಪಠ್ಯಪುಸ್ತಕದಲ್ಲಿ ಬರುವ ಪರಿಭ್ರಮಣ ಮೇಲ್ಮೈಯೇ: ಒಂದು ಅಂಚುಗೆರೆಯನ್ನು ಅಕ್ಷದ ಸುತ್ತ ತಿರುಗಿಸಿದರೆ ಕಂಬ ಸಿದ್ಧ. ಅಂಚುಗೆರೆಗೆ 40 ಬಿಂದು, ಸುತ್ತಿಗೆ 64 ಹೆಜ್ಜೆ ಇಟ್ಟರೆ 2,496 ಚೌಕಗಳು, ಎಂದರೆ 4,992 ತ್ರಿಕೋನಗಳು. ಲ್ಯಾಬಿನ ಯಾವ ಹಳೆಯ ಯಂತ್ರಕ್ಕೂ ಇದು ಭಾರವಲ್ಲ.

ಆದರೆ ಕಂಬ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ತಿರುಗಣೆ ಹಿಡಿದಿರುವುದು ನಡುವಿನ ಕಾಂಡ ಮಾತ್ರ. ಕೆಳಗಿನ ಚೌಕಪೀಠಕ್ಕೆ ಬಂದಾಗ ಗಣಿತ ಬದಲಾಗಬೇಕು. ಎಲ್ಲ ಕಡೆ ನಯವಾದ ಶೇಡಿಂಗ್ ಕೊಟ್ಟರೆ, ಬಳಪದ ಕಲ್ಲಿನಲ್ಲಿ ಶಿಲ್ಪಿ ಚೂಪಾಗಿ ತೆಗೆದ ಏಣುಗಳೆಲ್ಲ ಮೇಣದಂತೆ ಕರಗಿಹೋಗುತ್ತವೆ. ಏಣು ಬರುವ ಕಡೆ ಒಂದೇ ಬಿಂದುವಿಗೆ ಎರಡು ನಾರ್ಮಲ್‌ಗಳನ್ನು ಕೊಡಬೇಕೆಂಬುದು ಆಗ ಗೊತ್ತಾಗುತ್ತದೆ. ಹೊಳಪಿನ ಮಾತೂ ಹಾಗೆಯೇ. ಹಳೆಯ ಓಪನ್‌ಜಿಎಲ್‌ನಲ್ಲಿ ಹೊಳಪಿನ ಘಾತ 0ರಿಂದ 128ರವರೆಗೆ; ಟೀಪಾಟಿಗೆ ಯಾವ ಬೆಲೆ ಕೊಟ್ಟರೂ ಪರೀಕ್ಷಕರು ಒಪ್ಪುತ್ತಾರೆ. ನವರಂಗದ ಅರೆಗತ್ತಲಲ್ಲಿ, ಬಾಗಿಲಿನಿಂದ ಬಂದ ಬೆಳಕಿಗೆ ಮಿನುಗುವ ಕಂಬವನ್ನು ನೋಡಿಬಂದವರಿಗೆ ಯಾವ ಬೆಲೆಯೂ ಸಮಾಧಾನ ಕೊಡದು. ಬೆಳಕು ಒಂದೇ ದೀಪದಿಂದ ನೇರವಾಗಿ ಬೀಳುತ್ತಿಲ್ಲ, ನೆಲದಿಂದಲೂ ಎದುರಿನ ಕಂಬಗಳಿಂದಲೂ ಚಿಮ್ಮಿ ಬರುತ್ತಿದೆ ಎಂದು ಅವರೇ ಹೇಳತೊಡಗುತ್ತಾರೆ. ಅಲ್ಲಿಂದ ಮುಂದೆ ಗ್ಲೋಬಲ್ ಇಲ್ಯೂಮಿನೇಷನ್ ಪಾಠ ಮಾಡುವುದು ಅಧ್ಯಾಪಕರಿಗೆ ಸಲೀಸು.

ಈ ಲ್ಯಾಬುಗಳ ಕೋಡು ಹಳತಾಯಿತು ಎಂಬ ಟೀಕೆ ನ್ಯಾಯವಾದದ್ದೇ. ಬಿಂದುಗಳನ್ನು ಒಂದೊಂದಾಗಿ ಒಪ್ಪಿಸುವ ಆ ಪದ್ಧತಿಯನ್ನು ಓಪನ್‌ಜಿಎಲ್ 2008ರಲ್ಲೇ ಬೇಡವೆಂದು ಸಾರಿ, ಮರುವರ್ಷ ಕೈಬಿಟ್ಟಿತು. ಇಂದು ಕೆಲಸಕ್ಕೆ ಸೇರುವವರು ಶೇಡರ್ ಬರೆಯಬೇಕು, ಯೂನಿಟಿ ಅಥವಾ ಅನ್‌ರಿಯಲ್ ಎಂಜಿನ್ ಬಲ್ಲವರಾಗಿರಬೇಕು. ಆದರೂ ಒಂದು ಬಿಂದು ಮ್ಯಾಟ್ರಿಕ್ಸ್ ದಾಟಿ ಪಿಕ್ಸೆಲ್ ಆಗುವುದನ್ನು ಕೈಯಿಂದ ಲೆಕ್ಕ ಹಾಕಿದವರಿಗೆ ಎಂಜಿನ್ನುಗಳ ಒಳಗು ಬೇಗ ಅರ್ಥವಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಕ್ಲಿಪ್ಪಿಂಗ್ ಪ್ರೋಗ್ರಾಮಿನ ಹೆಸರಿನಲ್ಲಿರುವ ಐವನ್ ಸದರ್ಲೆಂಡ್ ಅವರೇ 1963ರಲ್ಲಿ ಸ್ಕೆಚ್‌ಪ್ಯಾಡ್ ರಚಿಸಿ, 1968ರಲ್ಲಿ ತಲೆಗೆ ಧರಿಸುವ ತೆರೆಯನ್ನೂ ಮಾಡಿ ತೋರಿಸಿದವರು. ಗೆರೆ ಕತ್ತರಿಸುವ ಲೆಕ್ಕಕ್ಕೂ ಮಿಥ್ಯಾಲೋಕಕ್ಕೂ (ವರ್ಚುವಲ್ ವರ್ಲ್ಡ್) ಇರುವ ಈ ನಂಟನ್ನು ತರಗತಿಯಲ್ಲಿ ಹೇಳಿಯೇ ಮುಂದೆ ಹೋಗಬೇಕು.

ಭೂಮಿಯನ್ನೇ ಕಟ್ಟಹೊರಟವರಿಗೆ ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ ಜಲಪಾತ ಒಳ್ಳೆಯ ಪರೀಕ್ಷೆ. ಉಚಿತವಾಗಿ ಸಿಗುವ ಉಪಗ್ರಹ ಎತ್ತರದ ದತ್ತಾಂಶದಲ್ಲಿ ಒಂದು ಚೌಕ ಸುಮಾರು 30 ಮೀಟರ್. ಅದರಿಂದ ಕಟ್ಟಿದ ನೆಲದಲ್ಲಿ ಕಾವೇರಿ ಧುಮುಕುವುದಿಲ್ಲ, ಇಳಿಜಾರಿನಲ್ಲಿ ಜಾರಿಕೊಂಡು ಹೋಗುತ್ತದೆ. ಒಂದು ಜಾಗಕ್ಕೆ ಒಂದೇ ಎತ್ತರ ಎನ್ನುವ ಮಾದರಿಯಲ್ಲಿ ಕಡಿದಾದ ಬಂಡೆಗೆ ತಾವಿಲ್ಲ. ಬಂಡೆಯನ್ನು ಬೇರೆಯಾಗಿ ಮಾಡಿ ಕೂರಿಸಬೇಕು.

ಅಕ್ಷರದ ಸಮಸ್ಯೆ ಇದಕ್ಕಿಂತ ಕಠಿಣ. ಮಿಥ್ಯಾಲೋಕದ ರಸ್ತೆಯಲ್ಲೊಂದು ಕೈಮರ ನೆಟ್ಟು ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಬರೆಯಬೇಕೆನ್ನಿ. ಮೂರು ಹೆಸರುಗಳಲ್ಲೂ ಒತ್ತಕ್ಷರವಿದೆ. ಗ್ಲಟ್‌ನ ಅಕ್ಷರ ಬರೆಯುವ ಆಜ್ಞೆಗಳಿಗೆ ಕನ್ನಡವೇ ಗೊತ್ತಿಲ್ಲ. ಯೂನಿಟಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊಗೆ ಕನ್ನಡ ಫಾಂಟ್ ಕೊಟ್ಟರೂ ಅದು ಅಕ್ಷರಗಳನ್ನು ಬಿಡಿಬಿಡಿಯಾಗಿ ಸಾಲಿಗಿಟ್ಟು ‘ಮಂಡ್‌ಯ’, ‘ಮದ್‌ದೂರು’, ‘ಮಳವಳ್‌ಳಿ’ ಎಂಬಂತೆ ತೋರಿಸುತ್ತದೆ. ಒತ್ತು ಮೂಡಬೇಕಾದರೆ ಫಾಂಟಿನೊಳಗಿನ ಜೋಡಣೆಯ ನಿಯಮಗಳನ್ನು ಓದಿ ನಡೆಸುವ ಹಾರ್ಫ್‌ಬಝ್‌ನಂಥ ತಂತ್ರಾಂಶ ಎಂಜಿನ್ನಿನಲ್ಲಿ ಇರಬೇಕು. 2023ರಲ್ಲಿ ಬಂದ ಗೊಡೊ 4ರಲ್ಲಿ ಅದು ಇದೆ. ಅದು ಇಲ್ಲದ ಕಡೆ ಹುಡುಗರು ಇಂಕ್‌ಸ್ಕೇಪ್‌ನಲ್ಲಿ ಹೆಸರು ಬರೆದು, ಚಿತ್ರವಾಗಿ ಉಳಿಸಿ, ಫಲಕಕ್ಕೆ ಅಂಟಿಸಿ ಕೆಲಸ ಸಾಗಿಸುತ್ತಾರೆ. ತನ್ನೂರಿನ ಹೆಸರು ಒಡೆದು ಕಾಣುವುದನ್ನು ಸಹಿಸದ ಒಬ್ಬ ವಿದ್ಯಾರ್ಥಿ ಈ ಜೋಡಣೆಯ ಕೋಡನ್ನು ಬಿಚ್ಚಿ ಓದಿದರೆ, ಅದು ಹತ್ತು ಸೌರಮಂಡಲಗಳಿಗಿಂತ ಹೆಚ್ಚಿನ ಪ್ರಾಜೆಕ್ಟ್.

ಕರ್ನಾಟಕದಲ್ಲಿ ಇಂಥ ಕೆಲಸಕ್ಕೆ ಮೇಲ್ಪಂಕ್ತಿ ಇದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ ನಡೆದ ಡಿಜಿಟಲ್ ಹಂಪಿ ಯೋಜನೆಯಲ್ಲಿ ಐಐಟಿಯ ತಜ್ಞರ ಜೊತೆಗೆ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜೂ ಪಾಲ್ಗೊಂಡಿತ್ತು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದೆ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ರಾಜ್ಯ ಸರ್ಕಾರ 2012ರಿಂದಲೇ ನೀತಿ ರೂಪಿಸುತ್ತ ಬಂದಿದೆ. 2024ರ ನೀತಿಯಲ್ಲಿ ವಿಸ್ತೃತ ವಾಸ್ತವವೂ ಸೇರಿದೆ. ಆದರೆ ಈ ಪ್ರಯತ್ನಗಳ ಬಲದ ಬಹುಪಾಲು ಬೆಂಗಳೂರಿನ ಸುತ್ತಲೇ ಕೂಡಿಕೊಂಡಿದೆ. ರೈಲು ಹತ್ತಿದರೆ ಬೆಂಗಳೂರು ಎಂಬ ಸಾಮೀಪ್ಯವೇ ಮಂಡ್ಯದ ಕಾಲೇಜುಗಳಿಗೆ ತಮ್ಮ ಕಾಲಬುಡದ ಸಾಮಗ್ರಿಯನ್ನು ಮರೆಸಿದೆ ಎಂದು ನನಗೆ ಅನ್ನಿಸುತ್ತದೆ.

ಆ ಸಾಮಗ್ರಿಯಲ್ಲೆಲ್ಲ ಅಮೂಲ್ಯವಾದದ್ದು ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು. ಕ್ರಿ.ಶ. 949–50ರ ಈ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸಂಗತಿಯನ್ನು ಹೇಳುತ್ತದೆ. ಗಂಗ ಬೂತುಗನ ಬಂಟ ಮಣಲೆರ ಬಹುಮಾನವಾಗಿ ಬೇಡಿ ಪಡೆದ ಕಾಳಿಯೆಂಬ ನಾಯಿಯ ಕಥೆಯನ್ನೂ ಅದೇ ಕಲ್ಲು ಹೇಳುತ್ತದೆ: ಕಾಳಿ ಕಾಡುಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಚಲ್ಲೇಶ್ವರ ದೇವಾಲಯದ ಮುಂದೆ ನೆಟ್ಟ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲೊಂದು ಕಡೆ, ಊರೊಂದು ಕಡೆ. ಇವೆರಡನ್ನೂ ಒಂದೇ ನೋಟದಲ್ಲಿ ತರಬಲ್ಲದ್ದು ಮಿಥ್ಯಾಲೋಕದ ವಿನ್ಯಾಸ ಮಾತ್ರ.

ಕೆಲಸ ಹೀಗೆ ಸಾಗಬಹುದು. ಸಂಗ್ರಹಾಲಯದ ಅನುಮತಿ ಪಡೆದು, ಒಂದು ಫೋಟೊದ ಬಹುಭಾಗ ಮುಂದಿನದರಲ್ಲೂ ಬರುವಂತೆ ಸುತ್ತಲಿಂದ ಫೋಟೊ ತೆಗೆಯಬೇಕು; ಪಕ್ಕದಲ್ಲೊಂದು ಅಳತೆಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಮಾದರಿಗೆ ಗಾತ್ರವೇ ಇರುವುದಿಲ್ಲ. ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶ ಈ ಫೋಟೊಗಳಿಂದ ಮೇಲ್ಮೈ ಕಟ್ಟಿಕೊಡುತ್ತದೆ. ಅದಕ್ಕೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದರಿಂದ ಇಡೀ ಲ್ಯಾಬಿಗೆ ಅಲ್ಲದಿದ್ದರೂ ಒಂದು ಯಂತ್ರಕ್ಕಾದರೂ ಅದನ್ನು ಹಾಕಿಸಬೇಕು. ಬಂದ ಮೇಲ್ಮೈಯನ್ನು ಬ್ಲೆಂಡರ್‌ನಲ್ಲಿ ಹಗುರಗೊಳಿಸುವಾಗ ಅಕ್ಷರಗಳ ಆಳ ಮಾಯವಾಗುತ್ತದೆ. ಅದನ್ನು ನಾರ್ಮಲ್ ಮ್ಯಾಪ್‌ಗೆ ಇಳಿಸಿ ಉಳಿಸಿಕೊಳ್ಳಬೇಕು. ದೀಪವನ್ನು ಕಲ್ಲಿನ ಬದಿಗೆ ಸರಿಸಿ ಓರೆಬೆಳಕು ಬಿಟ್ಟರೆ ಸವೆದ ಅಕ್ಷರಗಳು ನೆರಳಿನಿಂದ ಎದ್ದು ಕಾಣುತ್ತವೆ. ಹೀಗೆ ಓದಲು ಬರುವುದೇ ಆ ಮಾದರಿಗೆ ಪರೀಕ್ಷೆ.

ಆಮೇಲೆ ಅದನ್ನು ಆತಕೂರಿನಲ್ಲಿ ನಿಲ್ಲಿಸಬೇಕು. ಇಲ್ಲಿ ಊಹೆ ನುಸುಳುತ್ತದೆ. ಹತ್ತನೆಯ ಶತಮಾನದ ದೇವಾಲಯದ ಮುಂಭಾಗ ಹೇಗಿತ್ತು, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿತ್ತು, ಸುತ್ತ ಯಾವ ಗಿಡಮರ ಇದ್ದವು? ಪರಂಪರೆಯ ಗಣಕೀಯ ಚಿತ್ರಣಕ್ಕಾಗಿ ರೂಪುಗೊಂಡ, 2009ರಲ್ಲಿ ಪರಿಷ್ಕೃತವಾದ ಲಂಡನ್ ಚಾರ್ಟರ್ ಪ್ರಕಾರ ಆಧಾರವಿರುವುದನ್ನೂ ಊಹಿಸಿದ್ದನ್ನೂ ನೋಡುಗರಿಗೆ ತಿಳಿಯುವಂತೆ ಬೇರ್ಪಡಿಸಬೇಕು. ವಿದ್ಯಾರ್ಥಿ ಕಲ್ಲಿಗೆ ಅದರ ನಿಜವಾದ ಬಣ್ಣ ಕೊಡಲಿ, ಊಹಿಸಿದ ಗೋಡೆಗೆ ಬರೀ ಬೂದುಬಣ್ಣ ಹಚ್ಚಲಿ, ಒಂದು ಗುಂಡಿ ಒತ್ತಿದರೆ ಊಹೆಯೆಲ್ಲ ಮರೆಯಾಗುವಂತೆ ಮಾಡಲಿ. ವೈವಾದಲ್ಲಿ ಪರೀಕ್ಷಕರು ಮೊದಲು ಆ ಗುಂಡಿಯನ್ನು ಒತ್ತಿ, ಉಳಿದ ಪ್ರತಿಯೊಂದು ಬಿಂದುವಿನ ಆಧಾರ ಯಾವುದೆಂದು ಕೇಳಬೇಕು.