ಸರಪಳಿಯಿಂದ ಸನದಿನವರೆಗೆ: ಮಾನಸಿಕ ಶುಶ್ರೂಷೆಯ ಪರೀಕ್ಷೆ ಮತ್ತು ನಮ್ಮ ಬಳ್ಳಾರಿ



ನರ್ಸಿಂಗ್ ಓದುತ್ತಿರುವ ನಮ್ಮ ಮಕ್ಕಳನ್ನು ಯಾವ ವಿಷಯ ಕಷ್ಟವೆಂದು ಕೇಳಿ ನೋಡಿ. ಹಲವರು ಮಾನಸಿಕ ಆರೋಗ್ಯ ಶುಶ್ರೂಷೆ ಎನ್ನುತ್ತಾರೆ. ಗಾಯ ಕಣ್ಣಿಗೆ ಕಾಣುತ್ತದೆ, ಜ್ವರವನ್ನು ಥರ್ಮಾಮೀಟರಿನಿಂದ ಅಳೆಯಬಹುದು. ಮನಸ್ಸಿನ ನೋವನ್ನು ಅಳೆಯುವುದು ಹೇಗೆ? ಮನೆಯಲ್ಲಿ ಹಿರಿಯರು "ಹುಚ್ಚಾಸ್ಪತ್ರೆಯ ಕೆಲಸ ನಮಗೇಕೆ?" ಎಂದು ಕೇಳುವುದೂ ಉಂಟು. ಆದರೆ ಈ ವಿಷಯದಲ್ಲಿ ತೇರ್ಗಡೆಯಾಗದೆ ಇಂದು ನಮ್ಮ ದೇಶದಲ್ಲಿ ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಯುವುದಿಲ್ಲ, ಅದು ಮುಗಿಯದೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗುವುದಿಲ್ಲ. ಇಂತಹ ವಿಷಯ ಪಠ್ಯಕ್ಕೆ ಬಂದದ್ದು ಹೇಗೆ, ಅದಕ್ಕೂ ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿಗಳಿಗೂ ಇರುವ ನಂಟೇನು ಎಂಬುದನ್ನು ತಿಳಿದರೆ ಪರೀಕ್ಷೆಯ ಭಯ ಅರ್ಧ ಕಡಿಮೆಯಾಗುತ್ತದೆ.

ಕಾವಲುಗಾರರಿಂದ ದಾದಿಯರವರೆಗೆ

ಮನೋರೋಗಿಗೆ ಆರೈಕೆ ಬೇಕು ಎಂಬ ತಿಳಿವಳಿಕೆ ಹೊಸದಲ್ಲ. 1284ರಲ್ಲಿ ಕೈರೋ ನಗರದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು. ಆದರೆ ಆರೈಕೆ ಮಾಡುವವರಿಗೆ ತರಬೇತಿ ಕೊಟ್ಟು, ಪರೀಕ್ಷೆ ನಡೆಸಿ, ಪ್ರಮಾಣಪತ್ರ ನೀಡುವ ಪದ್ಧತಿ ಬಂದದ್ದು ಬಹಳ ತಡವಾಗಿ. ಬ್ರಿಟನ್ನಿನ ಮನೋವೈದ್ಯರ ಸಂಘವು 1885ರಲ್ಲಿ ಆಸ್ಪತ್ರೆಯ ಪರಿಚಾರಕರಿಗಾಗಿ ಕೈಪಿಡಿಯೊಂದನ್ನು ಹೊರತಂದಿತು. 1891ರಲ್ಲಿ ಅವರಿಗೆ ಮೊದಲ ಪರೀಕ್ಷೆ ನಡೆಸಿತು. ಕಾವಲುಗಾರನಾಗಿದ್ದವನು ಅಂದಿನಿಂದ ಓದಬೇಕಾದವನಾದ.

ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನಲ್ಲಿ 1847ರಲ್ಲಿ ಹುಚ್ಚರ ಆಶ್ರಮವೊಂದು ಸ್ಥಾಪನೆಯಾಯಿತು. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಹೆಸರಿನ ಈ ಬದಲಾವಣೆ ಸಣ್ಣದಲ್ಲ. 'ಹುಚ್ಚ' ಎಂಬುವನು 'ರೋಗಿ'ಯಾದ. 1946ರ ಭೋರ್ ಸಮಿತಿಯ ವರದಿ ಮಾನಸಿಕ ಆರೋಗ್ಯಕ್ಕೆ ತರಬೇತಾದವರ ಕೊರತೆಯನ್ನು ಎತ್ತಿ ತೋರಿಸಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, ಆ ದಶಕದಲ್ಲೇ ಅಲ್ಲಿ ನರ್ಸುಗಳಿಗೆ ಮನೋವೈದ್ಯಕೀಯ ಶುಶ್ರೂಷೆಯ ಡಿಪ್ಲೊಮಾ ಶುರುವಾಯಿತು. ಆ ಸಂಸ್ಥೆ ಮತ್ತು ಆಸ್ಪತ್ರೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಭಾರತೀಯ ಶುಶ್ರೂಷಾ ಪರಿಷತ್ತು ಈ ವಿಷಯವನ್ನು 1960ರ ದಶಕದಲ್ಲಿ ಬಿ.ಎಸ್ಸಿ. ಪಠ್ಯಕ್ಕೂ, 1980ರ ದಶಕದಲ್ಲಿ ಜನರಲ್ ನರ್ಸಿಂಗ್ ಪಠ್ಯಕ್ಕೂ ಸೇರಿಸಿತು.

ಬಳ್ಳಾರಿ ಮಾದರಿ

ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಉಳಿಯಿತು. ಬೆಂಗಳೂರಿನಲ್ಲಿ ಆಸ್ಪತ್ರೆ ಇದ್ದರೆ ಸಂಡೂರಿನ ಗಣಿ ಕಾರ್ಮಿಕನಿಗೇನು, ಕಂಪ್ಲಿಯ ಭತ್ತದ ಗದ್ದೆಯಲ್ಲಿ ನಾಟಿ ಮಾಡುವ ತಾಯಿಗೇನು? ಕೂಲಿ ಬಿಟ್ಟು ಸುಮಾರು 300 ಕಿಲೋಮೀಟರ್ ದೂರ ರೋಗಿಯನ್ನು ಕರೆದೊಯ್ಯುವವರು ಯಾರು?

1982ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ರೂಪಿಸಿತು. ಅದು ಕಾಗದದಿಂದ ಊರಿಗೆ ಇಳಿಯಬಲ್ಲದೇ ಎಂದು ಪರೀಕ್ಷಿಸಲು ನಿಮ್ಹಾನ್ಸ್ ಆರಿಸಿಕೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯನ್ನು. 1981ರ ಜನಗಣತಿಯಂತೆ ಜಿಲ್ಲೆಯಲ್ಲಿ ಸುಮಾರು 15 ಲಕ್ಷ ಜನರಿದ್ದರು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಆಗ ಇದೇ ಜಿಲ್ಲೆಯಲ್ಲಿದ್ದವು. ಹೊಸಪೇಟೆ, ಹಂಪಿಗಳು ವಿಜಯನಗರ ಜಿಲ್ಲೆಗೆ ಸೇರಿದ್ದು 2021ರಲ್ಲಿ. 1985ರಿಂದ 1990ರವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ಬೆರಳೆಣಿಕೆಯ ಅಗತ್ಯ ಔಷಧಿಗಳು, ಸರಳವಾದ ದಾಖಲೆ ಪುಸ್ತಕ, ಪ್ರತಿ ತಿಂಗಳ ಪರಿಶೀಲನೆ, ಕಠಿಣ ರೋಗಿಗಳಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು — ಇಷ್ಟೇ ಅದರ ಬಂಡವಾಳ. ಮನೆಮನೆಗೆ ಹೋಗುವ ಕಾರ್ಯಕರ್ತೆಯೇ ಮೂರ್ಛೆರೋಗಿಯನ್ನೂ, ಮಂಕಾಗಿ ಮೂಲೆ ಸೇರಿದವರನ್ನೂ ಗುರುತಿಸಿ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕಿತ್ತು.

ಈ ಪ್ರಯೋಗಕ್ಕೆ 'ಬಳ್ಳಾರಿ ಮಾದರಿ' ಎಂದೇ ಹೆಸರಾಯಿತು. ಇದರ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲು ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ, ಮುಂದೆ ದೇಶದ ನೂರಾರು ಜಿಲ್ಲೆಗಳಿಗೆ ಹಬ್ಬಿತು. ನರ್ಸಿಂಗ್ ಪರೀಕ್ಷೆಯಲ್ಲಿ ಈ ಕಾರ್ಯಕ್ರಮದ ಬಗ್ಗೆ ಟಿಪ್ಪಣಿ ಬರೆಯಿರಿ ಎಂದು ಕೇಳಿದರೆ, ದೆಹಲಿಯ ವಿದ್ಯಾರ್ಥಿ ನಮ್ಮ ಬಳ್ಳಾರಿಯ ಹೆಸರನ್ನು ಬರೆಯುತ್ತಾನೆ. ನಮ್ಮ ಮಕ್ಕಳಿಗೇ ಅದು ಗೊತ್ತಿಲ್ಲದಿದ್ದರೆ ಹೇಗೆ?

ಸರಪಳಿಯ ಪಾಠ

ಮನೋರೋಗಿಯನ್ನು ದರ್ಗಾಕ್ಕೂ ಜಾತ್ರೆಗೂ ಕರೆದೊಯ್ಯುವ ರೂಢಿ ಎಲ್ಲ ಸಮುದಾಯಗಳಲ್ಲಿದೆ. ನಂಬಿಕೆ ರೋಗಿಗೆ ಧೈರ್ಯ ತುಂಬಬಹುದು. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದದ್ದನ್ನು ನಾವು ಮರೆಯಬಾರದು. ಅಲ್ಲಿನ ದರ್ಗಾಕ್ಕೆ ಬರುತ್ತಿದ್ದ ರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ವಸತಿಯೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದವರು ಓಡಲಾಗದೆ 28 ಮಂದಿ ಪ್ರಾಣ ಕಳೆದುಕೊಂಡರು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 95ನೇ ಕಲಂ ಮನೋರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಪಠ್ಯದಲ್ಲಿ ಒಂದು ಸಾಲಾಗಿ ಕಾಣುವ ಈ ನಿಯಮದ ಹಿಂದೆ ಇಂತಹ ಜೀವಗಳಿವೆ.

ಉರ್ದುವಿನಲ್ಲಿ ದವಾ ಎಂದರೆ ಔಷಧಿ, ದುವಾ ಎಂದರೆ ಪ್ರಾರ್ಥನೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದ ಆವರಣದಲ್ಲಿ ಇವೆರಡನ್ನೂ ಜೊತೆಗೂಡಿಸಿ, ಮುಜಾವರರೇ ರೋಗಿಗಳನ್ನು ಮನೋವೈದ್ಯರ ಬಳಿಗೆ ಕಳುಹಿಸುವ ಯೋಜನೆ 2000ರ ದಶಕದ ಕೊನೆಯಲ್ಲಿ ಆರಂಭವಾಯಿತು. ಎರಡರ ನಡುವೆ ಜಗಳವಿರಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಪರೀಕ್ಷೆಗೆ ಓದುವ ಬಗೆ

ಹಾಗಾದರೆ ಹೇಗೆ ಓದಬೇಕು? ಮೊದಲನೆಯದಾಗಿ, ನಿಯಮವನ್ನು ಅದರ ಕಾರಣದೊಂದಿಗೆ ಓದಿ. ರೋಗಿಯನ್ನು ಕಟ್ಟಿಹಾಕುವ ಬಗ್ಗೆ ಪ್ರಶ್ನೆ ಬಂದರೆ ಏರ್ವಾಡಿ ನೆನಪಾಗಲಿ; ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿರುವಷ್ಟು ಹೊತ್ತು ಮಾತ್ರ ನಿರ್ಬಂಧಿಸಬಹುದು ಎಂಬ ಉತ್ತರ ತಾನಾಗಿ ಬರುತ್ತದೆ.

ಎರಡನೆಯದಾಗಿ, ಓದಿದ್ದನ್ನು ನಮ್ಮ ಊರಿಗೆ ಹೊಂದಿಸಿ. ಲಿಥಿಯಂ ಔಷಧಿಯ ಪ್ರಮಾಣ ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.2 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷವಾಗುವ ಭಯ. ಬೆವರಿ ನೀರು, ಉಪ್ಪು ಕಳೆದುಕೊಂಡರೆ ಅದು ಏರುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ದುಡಿಯುವ ರೋಗಿಗೆ ನರ್ಸ್ ಏನು ಹೇಳಬೇಕು? ಹೀಗೆ ಯೋಚಿಸಿದವರಿಗೆ ಅಂಕಿ ಮರೆಯುವುದಿಲ್ಲ.

ಮೂರನೆಯದಾಗಿ, ಮಾತನ್ನು ಅಭ್ಯಾಸ ಮಾಡಿ. ಉಪದೇಶ ಮಾಡದೆ, ಸುಳ್ಳು ಭರವಸೆ ಕೊಡದೆ ಕೇಳಿಸಿಕೊಳ್ಳುವುದೇ ಈ ವಿಷಯದ ತಿರುಳು. ಪಠ್ಯ ಇಂಗ್ಲಿಷಿನಲ್ಲಿದ್ದರೂ ರೋಗಿ ಅಳುವುದು ಕನ್ನಡದಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ. ಈ ಭಾಷೆಗಳನ್ನು ಬಲ್ಲ ನಿಮಗೆ ಅದೊಂದು ಆಸ್ತಿ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ಪಠ್ಯದ ಪಕ್ಕದಲ್ಲಿಟ್ಟುಕೊಳ್ಳಿ.

ಈ ಓದಿಗೆ ಮುಂದೆಯೂ ದಾರಿಯಿದೆ. ನರ್ಸಿಂಗ್ ಮುಗಿಸಿದವರಿಗೆ ಒಂದು ವರ್ಷದ ವಿಶೇಷ ಡಿಪ್ಲೊಮಾ ಇದೆ. ಬ್ರಿಟನ್ನಿನಲ್ಲಿ ಮಾನಸಿಕ ಶುಶ್ರೂಷೆಗೆ ಪ್ರತ್ಯೇಕ ನೋಂದಣಿಯಿದ್ದು, ಹೊರದೇಶದವರು ಕಂಪ್ಯೂಟರ್ ಪರೀಕ್ಷೆಯನ್ನೂ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆದು ಸೇರಬಹುದು. ಆದರೆ ವಿದೇಶಕ್ಕೆ ಹೋಗುವವರೂ, ಇಲ್ಲೇ ಉಳಿಯುವವರೂ ಒಂದನ್ನು ನೆನಪಿಡಿ: ಮನೋರೋಗಿಗೆ ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯವೆಂದು ದೇಶಕ್ಕೆ ತೋರಿಸಿಕೊಟ್ಟ ಜಿಲ್ಲೆಯ ಮಕ್ಕಳು ನೀವು. ಪೋಷಕರೇ, ಈ ವಿಷಯ ಆರಿಸಿಕೊಳ್ಳುವ ಮಗಳನ್ನು ತಡೆಯಬೇಡಿ. ಅವಳು ಪಡೆಯುವ ಸನದು ಯಾವುದೋ ಮನೆಯ ಸರಪಳಿಯೊಂದನ್ನು ಬಿಚ್ಚಿಸಬಹುದು.