‘ಅಥವಾ ಅನ್ಯಥಾ’: ಗೃಹಶಿಕ್ಷಣವನ್ನು ಕುರಿತ ಆಂಗ್ಲ ಕಾನೂನಿನ ಚರಿತ್ರೆ

೧

ಕಾನೂನಿನ ಚರಿತ್ರೆಯಲ್ಲಿ ದೀರ್ಘವಾದ ಅಧ್ಯಾಯಗಳು ರದ್ದಾಗಿ ಹೋಗಿ, ಒಂದು ಸಣ್ಣ ಅವ್ಯಯವು ಮಾತ್ರ ಬಹುಕಾಲ ಉಳಿದುಬರುವುದುಂಟು. ಇಂಗ್ಲೆಂಡಿನ ವಿದ್ಯಾಭ್ಯಾಸದ ಕಾಯಿದೆಗಳಲ್ಲಿ ಅಂಥದೊಂದು ಅವ್ಯಯವಿದೆ. ಕಡ್ಡಾಯದ ವಯಸ್ಸಿನ ಪ್ರತಿಯೊಂದು ಮಗುವಿಗೂ ತಕ್ಕ ವಿದ್ಯಾಭ್ಯಾಸವು, ಕ್ರಮವಾಗಿ ಶಾಲೆಗೆ ಹೋಗುವುದರಿಂದ ಅಥವಾ ಅನ್ಯಥಾ, ದೊರೆಯುವಂತೆ ಮಾಡುವುದು ತಾಯ್ತಂದೆಗಳ ಕರ್ತವ್ಯವೆಂದು ೧೯೪೪ನೆಯ ಇಸವಿಯ ಕಾಯಿದೆಯು ವಿಧಿಸಿತು. ೧೯೯೬ನೆಯ ಇಸವಿಯ ಕಾಯಿದೆಯ ಏಳನೆಯ ಪ್ರಕರಣವು ಅದೇ ಮಾತನ್ನು ಉಳಿಸಿಕೊಂಡಿತು. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವವರ ಹಕ್ಕು ಆ ದೇಶದಲ್ಲಿ ನೆಲೆಗೊಂಡಿರುವುದು ಈ ‘ಅನ್ಯಥಾ’ ಎಂಬ ಒಂದು ಪದದ ಆಶ್ರಯದಲ್ಲಿ.

ಈ ಪದದ ಭಾವವು ಎಲ್ಲಿಂದ ಬಂದಿತು, ಯಾರನ್ನು ಉದ್ದೇಶಿಸಿ ಬಂದಿತು, ಕಡೆಗೆ ಯಾರ ಉಪಯೋಗಕ್ಕೆ ಒದಗಿತು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ. ಇದು ನಮಗೆ ತೀರ ದೂರವಾದ ವಿಷಯವಲ್ಲ. ಬ್ರಿಟಿಷ್ ಇಂಡಿಯದಲ್ಲಿ ಕಡ್ಡಾಯ ವಿದ್ಯಾಭ್ಯಾಸಕ್ಕಾಗಿ ಗೋಖಲೆಯವರು ತಂದ ಮಸೂದೆಗೆ ಈ ಆಂಗ್ಲ ಕಾಯಿದೆಗಳೂ ಆಧಾರವಾಗಿದ್ದುವು. ಆದುದರಿಂದ ಅಲ್ಲಿನ ಅನುಭವವನ್ನು ಅರಿಯುವುದು ನಮ್ಮ ಕಾನೂನನ್ನು ಅಳೆಯುವುದಕ್ಕೂ ಸಹಾಯಕವಾಗುವುದು.

೨

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದವರೆಗೆ ಇಂಗ್ಲೆಂಡಿನಲ್ಲಿ ಮಕ್ಕಳ ವಿದ್ಯಾಭ್ಯಾಸವು ಸರ್ಕಾರದ ಕೆಲಸವೆಂದು ಎಣಿಸಲ್ಪಟ್ಟಿರಲಿಲ್ಲ. ೧೮೩೩ರಲ್ಲಿ ಪಾರ್ಲಿಮೆಂಟು ಮೊದಲ ಬಾರಿಗೆ ಶಾಲೆಗಳಿಗೆಂದು ೨೦,೦೦೦ ಪೌಂಡುಗಳ ಸಹಾಯದ್ರವ್ಯವನ್ನು ಮಂಜೂರು ಮಾಡಿತು. ಬಡವರ ಮಕ್ಕಳು ಧರ್ಮಶಾಲೆಗಳನ್ನೋ ಭಾನುವಾರದ ಪಾಠಗಳನ್ನೋ ಆಶ್ರಯಿಸಿದ್ದರು, ಇಲ್ಲವೆ ಓದನ್ನೇ ಕಾಣದೆ ಕಾರ್ಖಾನೆಗೆ ಸೇರುತ್ತಿದ್ದರು. ಶ್ರೀಮಂತರ ಮನೆಗಳಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಮನೆಯಲ್ಲಿಯೇ ಇರುವ ಉಪಾಧ್ಯಾಯಿನಿಯಿಂದ ಪಾಠವಾಗುವುದು ವಾಡಿಕೆಯಾಗಿದ್ದಿತು. ವಿಕ್ಟೋರಿಯಾ ರಾಣಿಯು ಕಲಿತದ್ದು ಕೆನ್ಸಿಂಗ್ಟನ್ ಅರಮನೆಯಲ್ಲಿ.

ಈ ಕಾಲದ ಗೃಹಶಿಕ್ಷಣದ ಅತ್ಯಂತ ಪ್ರಸಿದ್ಧವಾದ ನಿದರ್ಶನವು ನಮ್ಮ ದೇಶದ ಹೆಸರಿನೊಡನೆಯೂ ಹೆಣೆದುಕೊಂಡಿದೆ. ಜೇಮ್ಸ್ ಮಿಲ್ಲನು ೧೮೧೭ರಲ್ಲಿ ಪ್ರಕಟವಾದ ತನ್ನ ಬ್ರಿಟಿಷ್ ಇಂಡಿಯದ ಚರಿತ್ರೆಯನ್ನು ಬರೆಯುತ್ತಿದ್ದ ಮೇಜಿನ ಬಳಿಯಲ್ಲಿಯೇ ಅವನ ಮಗ ಜಾನ್ ಸ್ಟುಯರ್ಟ್ ಮಿಲ್ಲನು ಕುಳಿತು ಮೂರನೆಯ ವಯಸ್ಸಿನಿಂದ ಗ್ರೀಕ್ ಭಾಷೆಯನ್ನು ಕಲಿತನು. ಗ್ರೀಕಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುವ ನಿಘಂಟು ಆಗ ಇರಲಿಲ್ಲವಾಗಿ, ತಿಳಿಯದ ಪ್ರತಿಯೊಂದು ಪದಕ್ಕೂ ಬಾಲಕನು ತಂದೆಯನ್ನೇ ಕೇಳಬೇಕಾಗಿದ್ದಿತು. ಸ್ವಭಾವತಃ ತಾಳ್ಮೆಯಿಲ್ಲದ ತಂದೆಯು ತನ್ನ ಗ್ರಂಥರಚನೆಯ ನಡುವೆ ಈ ಅಡ್ಡಿಯನ್ನು ಸಹಿಸಿಕೊಂಡನೆಂದು ಮಗನು ತನ್ನ ಆತ್ಮಚರಿತ್ರೆಯಲ್ಲಿ ಸ್ಮರಿಸಿರುವನು. ಅದೇ ಗ್ರಂಥದಲ್ಲಿ ೧೮೨೬ರಲ್ಲಿ ತನ್ನನ್ನು ಕವಿದ ತೀವ್ರವಾದ ಮನೋವೈಕಲ್ಯವನ್ನೂ ಅವನು ಮರೆಮಾಚದೆ ವರ್ಣಿಸಿ, ತನ್ನ ಶಿಕ್ಷಣಕ್ರಮದಲ್ಲಿ ಭಾವಪೋಷಣೆಗೆ ಎಡೆಯಿಲ್ಲದೆ ಹೋದುದನ್ನು ಎತ್ತಿ ಹೇಳಿರುವನು. ಗೃಹಶಿಕ್ಷಣದ ಹೆಚ್ಚಳವೂ ಅದರ ಅಪಾಯವೂ ಒಬ್ಬನ ಜೀವಿತದಲ್ಲಿಯೇ ಹೀಗೆ ಕಂಡುಬರುತ್ತವೆ.

ಈ ಮಿಲ್ಲನೇ ೧೮೫೯ರಲ್ಲಿ ಸ್ವಾತಂತ್ರ್ಯವನ್ನು ಕುರಿತ ತನ್ನ ಪ್ರಬಂಧದಲ್ಲಿ ಒಂದು ಸೂಕ್ಷ್ಮವಾದ ಭೇದವನ್ನು ತೋರಿಸಿದನು. ಮಕ್ಕಳಿಗೆ ವಿದ್ಯೆ ದೊರೆಯಲೇಬೇಕೆಂದು ಸರ್ಕಾರವು ಒತ್ತಾಯಪಡಿಸುವುದು ಬೇರೆ, ಆ ವಿದ್ಯೆಯನ್ನು ಸರ್ಕಾರವೇ ನಡೆಸುವುದು ಬೇರೆ. ಮೊದಲನೆಯದನ್ನು ಅವನು ಸಮರ್ಥಿಸಿದನು. ಎರಡನೆಯದು ಜನರೆಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆಯುವ ಉಪಾಯವಾದೀತೆಂದು ಶಂಕಿಸಿದನು. ಎಲ್ಲಿ ಓದಿಸಬೇಕೆಂಬುದನ್ನು ತಂದೆಗೆ ಬಿಟ್ಟು, ಮಕ್ಕಳನ್ನು ಚಿಕ್ಕಂದಿನಿಂದಲೇ ಪರೀಕ್ಷೆಗೆ ಗುರಿಪಡಿಸಬೇಕು. ಓದಲು ಬಾರದ ಮಗುವಿನ ತಂದೆಗೆ ಮಿತವಾದ ಜುಲ್ಮಾನೆಯನ್ನು ಹಾಕಬೇಕು ಎಂಬುದು ಅವನ ಸಲಹೆ. ಮುಂದೆ ಬಂದ ಕಾನೂನು ಈ ಸಲಹೆಯ ಸ್ವಾತಂತ್ರ್ಯವನ್ನು ತೆಗೆದುಕೊಂಡು ಪರೀಕ್ಷೆಯನ್ನು ಬಿಟ್ಟಿತು. ನೂರೈವತ್ತು ವರ್ಷಗಳ ವಿವಾದವೆಲ್ಲಕ್ಕೂ ಬೀಜವು ಇಲ್ಲಿದೆಯೆಂದು ಹೇಳಬಹುದು.

೩

೧೮೭೦ನೆಯ ಇಸವಿಯಲ್ಲಿ ಫಾರ್ಸ್ಟರನ ಹೆಸರಿನಿಂದ ಪ್ರಸಿದ್ಧವಾದ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯು ಅಂಗೀಕೃತವಾಯಿತು. ಐದರಿಂದ ಹದಿಮೂರು ವರ್ಷದವರೆಗಿನ ಮಕ್ಕಳನ್ನು ಶಾಲೆಗೆ ಕಳುಹಿಸಬೇಕೆಂದು ಉಪನಿಬಂಧನೆಗಳನ್ನು ಮಾಡುವ ಅಧಿಕಾರವು ಸ್ಥಳೀಯ ಸ್ಕೂಲ್ ಬೋರ್ಡುಗಳಿಗೆ ಅದರ ಎಪ್ಪತ್ತನಾಲ್ಕನೆಯ ಪ್ರಕರಣದಿಂದ ಬಂದಿತು. ಕಳುಹಿಸದಿರಲು ಯುಕ್ತವಾದ ಕಾರಣಗಳಾವುವೆಂಬುದನ್ನೂ ಅದೇ ಪ್ರಕರಣವು ಎಣಿಸಿತು: ಮಗುವು ಬೇರೊಂದು ರೀತಿಯಲ್ಲಿ ಸಮರ್ಪಕವಾದ ಶಿಕ್ಷಣವನ್ನು ಹೊಂದುತ್ತಿರುವುದು, ಕಾಯಿಲೆ ಅಥವಾ ಅನಿವಾರ್ಯವಾದ ಅಡ್ಡಿ, ನಿಬಂಧನೆಯಲ್ಲಿ ಗೊತ್ತುಮಾಡಿದ, ಮೂರು ಮೈಲಿಗಳಿಗೆ ಮೀರದ, ದೂರದೊಳಗೆ ಶಾಲೆಯಿಲ್ಲದಿರುವುದು. ತಪ್ಪಿದವರಿಗೆ ಖರ್ಚೂ ಸೇರಿ ಐದು ಷಿಲಿಂಗಿಗೆ ಮೀರದ ಜುಲ್ಮಾನೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮನೆಯಲ್ಲಿ ಓದಿಸುವುದು ಈ ಪಟ್ಟಿಯಲ್ಲಿ ಕಾಯಿಲೆಯ ಮತ್ತು ದೂರದ ಪಂಕ್ತಿಯಲ್ಲಿ ಕುಳಿತಿದೆ. ಅದು ಹಕ್ಕಲ್ಲ, ಒಂದು ಸಮಾಧಾನ. ಅದೂ ಯಾರ ಸಮಾಧಾನ? ೧೮೭೦ರ ಸಾರ್ವಜನಿಕ ಪ್ರಾಥಮಿಕ ಶಾಲೆಯು ಕೂಲಿಕಾರ ವರ್ಗದ ಮಕ್ಕಳಿಗಾಗಿ ಏರ್ಪಟ್ಟುದು. ಹಾಜರಿಯ ಅಧಿಕಾರಿಯು ಬಾಗಿಲು ತಟ್ಟುತ್ತಿದ್ದುದು ಅವರ ಮನೆಗಳಲ್ಲಿ. ಮನೆಯಲ್ಲಿ ಉಪಾಧ್ಯಾಯರನ್ನಿಟ್ಟುಕೊಂಡ ಗೃಹಸ್ಥನನ್ನು ಈ ಕಾನೂನು ಮುಟ್ಟದಂತೆ ಕಾಯ್ದುದು ‘ಬೇರೊಂದು ರೀತಿ’ ಎಂಬ ಮಾತು.

೧೮೭೬ರ ಕಾಯಿದೆಯು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಓದು, ಬರಹ, ಲೆಕ್ಕ ಈ ಮೂರರಲ್ಲಿ ಸಮರ್ಪಕವಾದ ಶಿಕ್ಷಣವು ಮಗುವಿಗೆ ದೊರೆಯುವಂತೆ ಮಾಡುವುದು ತಾಯ್ತಂದೆಗಳ ಕರ್ತವ್ಯವೆಂದು ಅದು ವಿಧಿಸಿತು. ಶಾಲೆಯ ಮಾತು ಈ ಕರ್ತವ್ಯವಾಕ್ಯದಲ್ಲಿ ಇಲ್ಲ. ೧೮೮೦ರ ಕಾಯಿದೆಯಿಂದ ಹಾಜರಿಯ ಉಪನಿಬಂಧನೆಗಳು ಎಲ್ಲೆಡೆಯಲ್ಲಿಯೂ ಕಡ್ಡಾಯವಾದುವು. ೧೮೯೧ರ ಕಾಯಿದೆಯಿಂದ ಶುಲ್ಕವು ಬಹುಮಟ್ಟಿಗೆ ನಿಂತಿತು. ಹೀಗೆ ಎರಡು ವಾಕ್ಯಗಳು ಅಕ್ಕಪಕ್ಕದಲ್ಲಿ ಬಾಳಿದುವು: ಒಂದು ವಿದ್ಯೆಯನ್ನು ಕೇಳುವುದು, ಮತ್ತೊಂದು ಹಾಜರಿಯನ್ನು ಕೇಳುವುದು.

‘ಸಮರ್ಪಕ’ವೆಂದರೆ ಏನು? ಈ ಪ್ರಶ್ನೆಯು ೧೯೧೧ರಲ್ಲಿ ಬೆವನ್ ಮತ್ತು ಷಿಯರ್ಸ್ ಎಂಬವರ ವ್ಯಾಜ್ಯದಲ್ಲಿ ಶ್ರೇಷ್ಠ ನ್ಯಾಯಾಧೀಶನಾದ ಆಲ್ವರ್‌ಸ್ಟನ್ ಪ್ರಭುವಿನ ಮುಂದೆ ಬಂದಿತು. ಇಂಥ ವಯಸ್ಸಿನ ಮಗುವಿಗೆ ಇಂಥಿಂಥ ವಿಷಯಗಳನ್ನು ಕಲಿಸತಕ್ಕದ್ದೆಂದು ಉಪನಿಬಂಧನೆಯಲ್ಲಿ ಇಲ್ಲದಿರುವಾಗ, ಮನೆಯ ಪಾಠವನ್ನು ಅಳೆಯುವುದಕ್ಕೆ ಗೊತ್ತಾದ ಮಟ್ಟವೊಂದುಂಟೆಂದು ಹೇಳಲಾಗದೆಂದು ತೀರ್ಪಾಯಿತು. ಸಾಕ್ಷ್ಯವನ್ನು ನೋಡಿ ಶಿಕ್ಷಣವು ಸಮರ್ಪಕವೋ ಅಲ್ಲವೋ ಎಂದು ನಿರ್ಣಯಿಸುವ ಭಾರವು ಮ್ಯಾಜಿಸ್ಟ್ರೇಟರ ಮೇಲೆ ಬಿದ್ದಿತು. ಸರ್ಕಾರದ ಶಾಲೆಯ ಪಾಠಪಟ್ಟಿಯು ಮನೆಗೆ ಅಳತೆಗೋಲಲ್ಲ ಎಂಬ ತತ್ತ್ವವು ಹೀಗೆ ನೆಲೆಗೊಂಡಿತು.

೪

೧೯೪೪ರಲ್ಲಿ, ಯುದ್ಧವು ಇನ್ನೂ ನಡೆಯುತ್ತಿದ್ದಾಗ, ಬಟ್ಲರನ ಕಾಯಿದೆಯು ಹಳೆಯ ಎರಡು ವಾಕ್ಯಗಳನ್ನೂ ಒಂದಾಗಿ ಬೆಸೆಯಿತು. ಅದರ ಮೂವತ್ತಾರನೆಯ ಪ್ರಕರಣದಲ್ಲಿ ಓದು ಬರಹ ಲೆಕ್ಕಗಳ ಸ್ಥಾನಕ್ಕೆ ವಯಸ್ಸು, ಸಾಮರ್ಥ್ಯ, ಅಭಿರುಚಿಗಳಿಗೆ ತಕ್ಕ ಪೂರ್ಣಕಾಲದ ವಿದ್ಯಾಭ್ಯಾಸವೆಂಬ ವಿಶಾಲವಾದ ಲಕ್ಷಣವು ಬಂದಿತು. ‘ಬೇರೊಂದು ರೀತಿ’ಯು ಕಾರಣಗಳ ಪಟ್ಟಿಯಿಂದ ಎದ್ದು ಕರ್ತವ್ಯವಾಕ್ಯದೊಳಗೇ ‘ಅಥವಾ ಅನ್ಯಥಾ’ ಎಂದು ಬಂದು ಸೇರಿತು. ಅಪವಾದವಾಗಿದ್ದುದು ವಿಕಲ್ಪವಾಯಿತು. ವ್ಯಾಕರಣದಲ್ಲಿ ಇದು ಅಲ್ಪವಾದ ವ್ಯತ್ಯಾಸ, ನ್ಯಾಯದಲ್ಲಿ ಬಹಳ ದೊಡ್ಡದು. ಈ ಕಾಯಿದೆಗೆ ಅಂಕಿತವಿತ್ತ ಆರನೆಯ ಜಾರ್ಜ್ ದೊರೆಯ ಪುತ್ರಿಯರಿಬ್ಬರೂ ಮನೆಯಲ್ಲಿಯೇ ಓದಿದವರೆಂಬುದು ಇಲ್ಲಿ ಸ್ಮರಣೀಯ. ಆ ಪದವು ಅಂದಿಗೂ ಉಳ್ಳವರ ಪದವೇ ಆಗಿದ್ದಿತು.

ಅದನ್ನು ಸಾಮಾನ್ಯರ ಪದವನ್ನಾಗಿ ಮಾಡಿದವರಲ್ಲಿ ಜಾಯ್ ಬೇಕರ್ ಎಂಬ ಮಹಿಳೆಯು ಮುಖ್ಯಳು. ನಾರ್ಫಕ್ ಪ್ರಾಂತದ ಈಕೆಯು ೧೯೫೨ರಿಂದ ಸುಮಾರು ಹತ್ತು ವರ್ಷಗಳ ಕಾಲ ತನ್ನ ಮಕ್ಕಳನ್ನು ಮನೆಯಲ್ಲಿ ಓದಿಸುವ ಹಕ್ಕಿಗಾಗಿ ಅಧಿಕಾರಿಗಳೊಡನೆ ನ್ಯಾಯಸ್ಥಾನಗಳಲ್ಲಿ ಹೋರಾಡಿ, ಆ ವೃತ್ತಾಂತವನ್ನು ೧೯೬೪ರಲ್ಲಿ ಗ್ರಂಥವಾಗಿ ಪ್ರಕಟಿಸಿದಳು. ೧೯೭೭ರಲ್ಲಿ ಗೃಹಶಿಕ್ಷಕರು ಒಂದು ಸಂಘವನ್ನು ಕಟ್ಟಿಕೊಂಡಾಗ ಕಾಯಿದೆಯ ಪದವನ್ನೇ ಎತ್ತಿಕೊಂಡು ‘ಎಜುಕೇಷನ್ ಅದರ್‌ವೈಸ್’ ಎಂದು ಹೆಸರಿಟ್ಟರು. ಕಾಯಿದೆಯ ಅವ್ಯಯವೊಂದು ಸಂಘದ ನಾಮಧೇಯವಾದುದು ಅಪೂರ್ವವಾದ ಸಂಗತಿ.

ಆದರೆ ಹಕ್ಕು ಹರಡಿದಂತೆಲ್ಲ, ಮಗುವಿಗೆ ನಿಜವಾಗಿಯೂ ಪಾಠವಾಗುತ್ತಿದೆಯೆಂಬುದನ್ನು ತಿಳಿಯುವ ಬಗೆ ಹೇಗೆಂಬ ಪ್ರಶ್ನೆಯು ಗಟ್ಟಿಯಾಯಿತು. ಕರ್ತವ್ಯಚ್ಯುತಿಯಾಗಿದೆಯೆಂದು ಅಧಿಕಾರಿಗಳಿಗೆ ಕಂಡುಬಂದರೆ ಮಾತ್ರ ತಾಯ್ತಂದೆಗಳಿಗೆ ನೋಟೀಸು ಕೊಟ್ಟು ಸಮಾಧಾನ ಕೇಳಬೇಕೆಂದೂ, ಅದು ತೃಪ್ತಿಕರವಾಗದಿದ್ದರೆ ಶಾಲೆಗೆ ಸೇರಿಸುವಂತೆ ಆಜ್ಞೆ ಮಾಡಬಹುದೆಂದೂ ೧೯೪೪ರ ಕಾಯಿದೆಯ ಮೂವತ್ತೇಳನೆಯ ಪ್ರಕರಣವು ಹೇಳಿತ್ತು. ಕಂಡುಬರುವುದಾದರೂ ಹೇಗೆ? ೧೯೮೦ರಲ್ಲಿ ಫಿಲಿಪ್ಸ್ ಮತ್ತು ಬ್ರೌನ್ ಎಂಬವರ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ಡೊನಾಲ್ಡ್‌ಸನ್ನನು ಇದಕ್ಕೆ ಉತ್ತರ ಕೊಟ್ಟನು. ಅಧಿಕಾರಿಗಳು ಕಣ್ಣುಮುಚ್ಚಿಕೊಂಡಿರಲಾಗದು, ಅವರು ವಿಚಾರಿಸಬಹುದು. ಆ ವಿಚಾರಣೆಗೆ ಉತ್ತರ ಕೊಡಲೇಬೇಕೆಂಬ ವಿಧಿ ತಾಯ್ತಂದೆಗಳಿಗೆ ಇಲ್ಲ. ಆದರೆ ಅವರು ಏನನ್ನೂ ತಿಳಿಸದಿದ್ದರೆ ಕರ್ತವ್ಯವು ತಪ್ಪಿದಂತೆ ತೋರುತ್ತದೆಯೆಂದು ಅಧಿಕಾರಿಗಳು ಭಾವಿಸುವುದು ಅಯುಕ್ತವಲ್ಲ. ಮೌನಕ್ಕೆ ಶಿಕ್ಷೆಯಿಲ್ಲ, ಆದರೆ ಮೌನಕ್ಕೆ ಅರ್ಥವುಂಟು ಎಂಬುದು ಈ ತೀರ್ಪಿನ ಸಾರ.

ತಕ್ಕ ವಿದ್ಯೆಯೆಂದರೇನೆಂಬುದಕ್ಕೂ ನ್ಯಾಯಸ್ಥಾನಗಳೇ ಲಕ್ಷಣ ಹೇಳಬೇಕಾಯಿತು. ೧೯೮೧ರಲ್ಲಿ ವುಸ್ಟರಿನ ನ್ಯಾಯಸ್ಥಾನವು, ಮಗುವನ್ನು ಆಧುನಿಕ ನಾಗರಿಕ ಸಮಾಜದ ಬಾಳಿಗೆ ಸಿದ್ಧಪಡಿಸಿ ಅದರ ಶಕ್ತಿಯನ್ನು ಪೂರ್ಣವಾಗಿ ಅರಳಿಸುವುದೇ ತಕ್ಕ ವಿದ್ಯೆಯೆಂದಿತು. ೧೯೮೫ರಲ್ಲಿ ಯೆಹೂದ್ಯರ ಶಾಲೆಯೊಂದರ ವಿಷಯದಲ್ಲಿ ನ್ಯಾಯಮೂರ್ತಿ ವುಲ್ಫನು, ತನ್ನ ಸಮುದಾಯದ ಬಾಳಿಗೆ ಮುಖ್ಯವಾಗಿ ಅಣಿಮಾಡುವ ವಿದ್ಯೆಯೂ ತಕ್ಕುದೇ, ಆದರೆ ಮುಂದೆ ಬೇರೆ ಬಾಳನ್ನು ಆರಿಸಿಕೊಳ್ಳುವ ದಾರಿಯನ್ನು ಅದು ಮುಚ್ಚಬಾರದೆಂದನು. ತಾಯ್ತಂದೆಗಳು, ಸರ್ಕಾರ ಎಂಬ ಇಬ್ಬರು ವಾದಿಗಳ ನಡುವೆ ಮಗುವೆಂಬ ಮೂರನೆಯ ವ್ಯಕ್ತಿಯ ಮುಖವು ಈ ಮಾತಿನಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ.

ಮನೆಯಲ್ಲಿ ಓದುವ ಮಕ್ಕಳ ಹೆಸರುಗಳನ್ನು ದಾಖಲೆಮಾಡಬೇಕೆಂದು ೨೦೦೯ರಲ್ಲಿ ಗ್ರಹಾಂ ಬ್ಯಾಡ್ಮನ್ನನ ವರದಿಯು ಸೂಚಿಸಿತು. ಅದನ್ನು ಅನುಸರಿಸಿದ ವಿಧಿಗಳು ೨೦೧೦ರ ಚುನಾವಣೆಗೆ ಮುಂಚೆ ಮಸೂದೆಯಿಂದ ಕೈಬಿಡಲ್ಪಟ್ಟುವು. ೨೦೨೪ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಮುಂದೆ ಬಂದ ಮಸೂದೆಯಲ್ಲಿ ಅದೇ ದಾಖಲೆಯ ಸೂಚನೆಯು ಮತ್ತೆ ತಲೆಯೆತ್ತಿತು. ಮನೆಯ ಬಾಗಿಲೊಳಗೆ ಸರ್ಕಾರವು ಇಣುಕಬಾರದೆಂದು ಒಂದು ಪಕ್ಷ. ಯಾರ ಕಣ್ಣಿಗೂ ಬೀಳದ ಮಗುವಿಗೆ ಕೇಡಾದರೆ ಕೇಳುವವರಾರೆಂದು ಮತ್ತೊಂದು ಪಕ್ಷ. ಎರಡರಲ್ಲಿಯೂ ಸತ್ಯವಿದೆ.

೫

ಎಲ್ಲ ದೇಶಗಳೂ ಈ ದಾರಿಯನ್ನು ಹಿಡಿಯಲಿಲ್ಲ. ಜರ್ಮನಿಯಲ್ಲಿ ೧೯೧೯ರ ರಾಜ್ಯಾಂಗವೇ ಶಾಲೆಯ ಹಾಜರಿಯನ್ನು ಕಡ್ಡಾಯಮಾಡಿತ್ತು. ೧೯೩೮ರ ಕಾಯಿದೆಯು ಅದನ್ನು ಇನ್ನೂ ಬಿಗಿಮಾಡಿತು. ಅಲ್ಲಿನ ತಾಯ್ತಂದೆಗಳು ಯೂರೋಪಿನ ಮಾನವಹಕ್ಕುಗಳ ನ್ಯಾಯಸ್ಥಾನಕ್ಕೆ ಹೋದಾಗ, ೨೦೦೬ರಲ್ಲಿ ಆ ನ್ಯಾಯಸ್ಥಾನವು ಅವರ ದೂರನ್ನು ಅಂಗೀಕರಿಸಲಿಲ್ಲ.

ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಬರೋಡಾ ಸಂಸ್ಥಾನವು ೧೯೦೬ರಲ್ಲಿ ರಾಜ್ಯಾದ್ಯಂತ ಕಡ್ಡಾಯ ವಿದ್ಯಾಭ್ಯಾಸವನ್ನು ಆಚರಣೆಗೆ ತಂದಿತು. ಗೋಪಾಲಕೃಷ್ಣ ಗೋಖಲೆಯವರು ೧೯೧೧ರ ಮಾರ್ಚಿಯಲ್ಲಿ ಸಾಮ್ರಾಜ್ಯದ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆಗೆ ಇಂಗ್ಲೆಂಡಿನ ೧೮೭೦ ಮತ್ತು ೧೮೭೬ರ ಕಾಯಿದೆಗಳೂ ೧೮೯೨ರ ಐರ್ಲೆಂಡಿನ ಕಾಯಿದೆಯೂ ಆಧಾರವಾಗಿದ್ದುವು. ೧೯೧೨ರಲ್ಲಿ ಅದು ೧೩ಕ್ಕೆ ವಿರುದ್ಧವಾಗಿ ೩೮ ಮತಗಳಿಂದ ಬಿದ್ದುಹೋಯಿತು. ಮರುವರ್ಷವೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ ಆಚರಣೆಗೆ ಬಂದಿತು.

ಇಂದು ನಮ್ಮಲ್ಲಿರುವುದು ೨೦೦೯ರ ಕಾಯಿದೆ. ಅದು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಾಯ್ತಂದೆಗಳ ಕರ್ತವ್ಯವೆಂದು ಅದರ ಹತ್ತನೆಯ ಪ್ರಕರಣವು ಹೇಳುತ್ತದೆ. ‘ಅನ್ಯಥಾ’ ಎಂಬ ಪದವು ಇಲ್ಲಿ ಇಲ್ಲ; ತಪ್ಪಿದ ತಾಯ್ತಂದೆಗಳಿಗೆ ಶಿಕ್ಷೆಯೂ ಇಲ್ಲ. ಆದರೆ ೨೦೦೨ರ ತಿದ್ದುಪಡಿಯಿಂದ ರಾಜ್ಯಾಂಗದ ಐವತ್ತೊಂದು-ಎ ವಿಧಿಯಲ್ಲಿ ಸೇರಿದ ಮಾತು ಬೇರೆ ಬಗೆಯದು. ಮಗುವಿಗೆ ವಿದ್ಯಾಭ್ಯಾಸದ ಅವಕಾಶಗಳನ್ನು ಒದಗಿಸಬೇಕೆಂದು ಅದು ತಾಯ್ತಂದೆಗಳಿಗೆ ಹೇಳುವುದೇ ಹೊರತು ಶಾಲೆಯನ್ನು ಹೆಸರಿಸುವುದಿಲ್ಲ. ೧೮೭೬ರ ವಾಕ್ಯಕ್ಕೂ ಹಾಜರಿಯ ಉಪನಿಬಂಧನೆಗಳಿಗೂ ಇಂಗ್ಲೆಂಡಿನಲ್ಲಿದ್ದ ಅದೇ ಅಂತರವು ನಮ್ಮ ರಾಜ್ಯಾಂಗಕ್ಕೂ ಕಾಯಿದೆಗೂ ನಡುವೆ ಕಾಣಬರುತ್ತದೆ. ಅಲ್ಲಿ ಆ ಎರಡು ವಾಕ್ಯಗಳು ಕೂಡುವುದಕ್ಕೆ ಅರುವತ್ತೆಂಟು ವರ್ಷಗಳು ಬೇಕಾದುವು.

ಶಾಲೆಯನ್ನೇ ಕಾಣದ ಮಕ್ಕಳು ಅಸಂಖ್ಯಾತರಾಗಿದ್ದ ನಾಡಿನಲ್ಲಿ ಶಾಲೆಗೆ ಸೇರಿಸಿರೆಂದು ಕಾಯಿದೆಯು ನೇರವಾಗಿ ಹೇಳಿದುದು ಸಹಜವೇ ಸರಿ. ಹೊಲಕ್ಕೆ ಕಳುಹಿಸಿದ ಮಗುವನ್ನು ಮನೆಯಲ್ಲಿ ಓದಿಸುತ್ತಿದ್ದೇವೆಂದು ಹೇಳಿ ನುಣುಚಿಕೊಳ್ಳುವ ದಾರಿಯನ್ನು ಯಾವ ಕಾಯಿದೆಯೂ ತೆರೆದಿಡಬಾರದು. ಆದರೂ ಆಂಗ್ಲ ಕಾನೂನಿನ ಈ ದೀರ್ಘವಾದ ಅನುಭವದಿಂದ ನಾವು ಗ್ರಹಿಸಬಹುದಾದ ಪಾಠವೊಂದಿದೆ. ‘ಅನ್ಯಥಾ’ ಎಂಬ ಪದವು ತಾನಾಗಿ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಅದರ ಜೊತೆಯಲ್ಲಿ, ಮಗುವು ಏನು ಕಲಿತಿದೆಯೆಂದು ಕೇಳುವ ಅಧಿಕಾರವೂ ಆ ಪ್ರಶ್ನೆಗೆ ಉತ್ತರ ಹೇಳುವ ಹೊಣೆಯೂ ಇದ್ದರೆ ಅದು ಸ್ವಾತಂತ್ರ್ಯ; ಇಲ್ಲವಾದರೆ ಬರಿಯ ಉಪೇಕ್ಷೆ. ಜೇಮ್ಸ್ ಮಿಲ್ಲನ ಮೇಜಿನ ಬಳಿ ಕುಳಿತ ಬಾಲಕನಿಗೆ ಪ್ರತಿಯೊಂದು ಪದದ ಅರ್ಥವನ್ನು ಕೇಳಲು ತಂದೆಯಿದ್ದನು. ಹಾಗೆ ಕೇಳಲು ಯಾರೂ ಇಲ್ಲದ ಮಗುವಿನ ಪರವಾಗಿ ಕೇಳಬೇಕಾದುದು ಕಾನೂನಿನ ಧರ್ಮ.