ಹೆಗಲ ಮೇಲಿನ ಕಂಬಿ

ಪೇಪರಿನಲ್ಲಿ ‘ಕಂಬಿ’ ಕಂಡರೆ ಯಾರೋ ಜೈಲಿನಲ್ಲಿ ಕಂಬಿ ಎಣಿಸುತ್ತಿರುತ್ತಾರೆ. ಕಟ್ಟೆಯ ಮಾತಿನಲ್ಲಿ ಬಂದರೆ ಸಾಲ ಮಾಡಿದವನು ಕಂಬಿ ಕಿತ್ತಿರುತ್ತಾನೆ. ರೈಲಿಗೂ ಕಂಬಿ, ಪಂಚೆಯ ಅಂಚಿಗೂ ಕಂಬಿ. ಆದರೆ ಫಾಲ್ಗುಣದಲ್ಲಿ ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ‘ಕಂಬಿ ಯಾವಾಗ ಹೊಂಡತೈತ್ರಿ?’ ಎಂದು ಕೇಳಿ ನೋಡಿ. ಯಾವ ಕಂಬಿ ಎಂದು ಯಾರೂ ತಿರುಗಿ ಕೇಳುವುದಿಲ್ಲ. ಅದು ಮಲ್ಲಯ್ಯನ ಕಂಬಿ, ಯುಗಾದಿಗೆ ಶ್ರೀಶೈಲ ಮುಟ್ಟಬೇಕು.

ಈ ಕಂಬಿ ಹೆಗಲ ಮೇಲೆ ಹೊರುವ ಕೋಲು, ಕಾವಡಿ. ಅದು ಮುಂದೆ, ಊರ ಮಂದಿ ಹಿಂದೆ. ಮಲ್ಲಯ್ಯನ ಮಡದಿ ಭ್ರಮರಾಂಬೆಯನ್ನು ಮನೆಮಗಳೆಂದೇ ತಿಳಿದ ಸೀಮೆ ನಮ್ಮದು. ಹಬ್ಬಕ್ಕೆ ಮಗಳ ಮನೆಗೆ ಬರಿಗೈಲಿ ಹೋಗುವುದುಂಟೆ? ಸೀರೆ, ಅರಿಶಿನ, ಕುಂಕುಮವೂ ಜೊತೆಗೆ ಹೊರಡುತ್ತವೆ. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ.

ಗಂಗಾವತಿಯ ರಸ್ತೆಯಲ್ಲಿ ಒಮ್ಮೆ ಕಂಬಿ ಹೆಗಲು ಬದಲಾಗುವುದನ್ನು ಹತ್ತಿರದಿಂದ ನೋಡಿದೆ. ಮುಂದಿನವನು ನಿಲ್ಲಲಿಲ್ಲ, ಬರೀ ಬಾಗಿದ. ಪಕ್ಕದ ಹುಡುಗ ಕುತ್ತಿಗೆ ತೂರಿಸಿ ಕೋಲಿನ ಕೆಳಗೆ ಟವೆಲ್ಲು ಸರಿಸಿಕೊಂಡ. ‘ಬಿಡ್ರಿ ಮಲ್ಲಯ್ಯ’ ಎಂದ. ವಯಸ್ಸಿನಲ್ಲಿ ಅಜ್ಜ ಮೊಮ್ಮಗನಂತಿದ್ದರು. ಈ ದಾರಿಯಲ್ಲಿ ಎಲ್ಲರೂ ಮಲ್ಲಯ್ಯಗಳೇ. ಮನೆತನ, ಹೊಲ, ಬಾಕಿ ಎಲ್ಲ ಊರಲ್ಲೇ ಉಳಿದಿರುತ್ತದೆ.

ಸಿಂಧನೂರು ದಾಟಿ ಕರ್ನೂಲಿನ ಕಡೆ ನಡೆಯುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತದೆ, ಅಂಗಾಲಿಗೆ ಬೊಬ್ಬೆ ಬರುತ್ತದೆ. ಆತ್ಮಕೂರಿನ ಹತ್ತಿರ ವೆಂಕಟಾಪುರದಲ್ಲಿ ಡಾಂಬರು ಮುಗಿದು ನಲ್ಲಮಲ ಬೆಟ್ಟಸಾಲು ಶುರುವಾಗುತ್ತದೆ. ನಾಗಲೂಟಿ, ಪೆಚ್ಚೆರುವು, ಆಮೇಲೆ ಭೀಮನ ಕೊಳ್ಳ. ಕೊಳ್ಳಕ್ಕೆ ಇಳಿದಷ್ಟೂ ಎದುರಿನ ಗುಡ್ಡ ಎತ್ತರವಾಗುತ್ತದೆ. ಅಲ್ಲಿಂದ ಕೈಲಾಸದ್ವಾರಕ್ಕೆ ಕಡಿದಾದ ಏರು. ನಮ್ಮ ಅಂಜನಾದ್ರಿಯ 575 ಮೆಟ್ಟಿಲು ಬೆಳಗಿನ ಭಕ್ತಿಗೆ ಸಾಕು, ಈ ಏರಿಗೆ ವಾರಗಟ್ಟಲೆ ದಣಿದ ಕಾಲೇ ಬರಬೇಕು. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣ ಬಿಟ್ಟು ಬಂದದ್ದೂ ಇದೇ ಶ್ರೀಶೈಲಕ್ಕೆ.

ಮನಸ್ಸು ಹಗುರಾಗಲು ಒಂಟಿಯಾಗಿ, ಬರಿಗೈಲಿ ಬೆಟ್ಟ ಹತ್ತಬೇಕೆಂದು ಈಗ ಬಹಳ ಮಂದಿ ಹೇಳುತ್ತಾರೆ. ಕಂಬಿ ಹೊತ್ತವರನ್ನು ಕಂಡ ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಇವರು ಊರಿನ ಭಾರ ಹೊತ್ತು ಹೋಗುತ್ತಾರೆ, ಹೊಸಬರಾಗಿ ಬರುತ್ತಾರೆ. ವರ್ಷವಿಡೀ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಕೋಲಿಗೆ ಹೆಗಲು ಕೊಟ್ಟ ಮೇಲೆ ಎಷ್ಟು ದಿನ ಮುಖ ತಿರುಗಿಸಿಕೊಂಡಾರು? ಕಂಬಿ ಮರಳಿದ ಮೇಲೆ ಕೆಲವೂರುಗಳಲ್ಲಿ ಐದೇಶಿ ಎಂಬ ಆಚರಣೆ ನಡೆಯುತ್ತದೆ, ಹೋಗದವರೂ ಅಂದು ಕಂಬಿಯ ಮುಂದೆ ಕೈಮುಗಿಯುತ್ತಾರೆ.

ಬರುವ ಫಾಲ್ಗುಣದಲ್ಲಿ ನಿಮ್ಮೂರ ದಾರಿಯಲ್ಲಿ ಕಂಬಿ ಬಂದರೆ ಒಂದು ಕೊಡ ನೀರು, ಒಂದಿಷ್ಟು ಮಜ್ಜಿಗೆ ಇಡಿ. ಪ್ಲಾಸ್ಟಿಕ್ ಬಾಟಲಿ, ಪಾಕೀಟು ಮಾತ್ರ ಕಟ್ಟಿಕೊಡಬೇಡಿ. ಮುಂದೆ ಅವರು ನಡೆಯುವುದು ಹುಲಿ ಇರುವ ಕಾಡಿನಲ್ಲಿ.